‘ಜಾರಿ ಬಿದ್ದು ಗಾಯ’ ಎಂದು ಬರೆಯುವ ಮೊದಲು

ಮಾನ್ಯ ಸಂಪಾದಕರೇ,

ಒಂದೇ ಮನೆಯ ಸಂಗತಿಯನ್ನು ನಾಲ್ಕು ಕಡೆ ಹೇಗೆ ಬರೆದಿಡುತ್ತೇವೆ ನೋಡಿ. ಆಸ್ಪತ್ರೆಯ ಚೀಟಿಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದು ಗಾಯ’. ಠಾಣೆಯ ಕಾಗದದಲ್ಲಿ ‘ಗಂಡ ಹೆಂಡಿರ ಜಗಳ, ತಿಳಿಹೇಳಿ ಕಳುಹಿಸಲಾಗಿದೆ’. ಶಾಲೆಯ ಪ್ರಗತಿ ಪತ್ರದಲ್ಲಿ ‘ಪಾಠದಲ್ಲಿ ಗಮನವಿಲ್ಲ’. ಕೊನೆಗೆ ಒಂದು ಜೀವ ಹೋದ ಮೇಲೆ ಪತ್ರಿಕೆಯಲ್ಲಿ ‘ಕೌಟುಂಬಿಕ ಕಲಹ: ಮಹಿಳೆ ಸಾವು’. ನಾಲ್ಕರಲ್ಲೂ ಹೊಡೆದವನೇ ಕಾಣುವುದಿಲ್ಲ. ಈ ಪತ್ರ ಆ ನಾಲ್ಕು ಬರಹಗಳ ಕುರಿತು.

‘ಕಲಹ’ಕ್ಕೆ ಎರಡು ಕಡೆ ಬೇಕು. ಇಬ್ಬರೂ ಕೂಗಾಡುತ್ತಾರೆ, ಇಬ್ಬರೂ ಮುನಿಸಿಕೊಳ್ಳುತ್ತಾರೆ, ಒಮ್ಮೆ ಇವರು ಸೋತರೆ ಇನ್ನೊಮ್ಮೆ ಅವರು. ಅದು ಎಲ್ಲ ಮನೆಯಲ್ಲೂ ಇದ್ದದ್ದೇ, ಅದಕ್ಕೆ ಕಾನೂನು ಬೇಡ. ದೌರ್ಜನ್ಯ ಗೊತ್ತಾಗುವುದು ದನಿ ಎಷ್ಟು ಏರಿತು ಎಂಬುದರಿಂದಲ್ಲ, ಹೆದರಿಕೆ ಯಾರಿಗಿದೆ ಎಂಬುದರಿಂದ. ಬೈಕಿನ ಸದ್ದು ಕೇಳಿದ ಕೂಡಲೇ ಟಿವಿ ಆರಿಸಿ, ಮಕ್ಕಳನ್ನು ಒಳಗೆ ಕಳಿಸಿ, ಸೆರಗು ಸರಿಮಾಡಿಕೊಂಡು ಆತನ ಮುಖ ಓದಲು ನಿಲ್ಲುವ ಮನೆಯಲ್ಲಿ ಆ ದಿನ ಏಟು ಬೀಳದೇ ಇರಬಹುದು. ಆದರೂ ಅಲ್ಲಿ ದೌರ್ಜನ್ಯ ನಡೆಯುತ್ತಲೇ ಇದೆ. ಏಟು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬಿದ್ದರೂ ಸಾಕು, ಮಿಕ್ಕ ದಿನಗಳ ಕೆಲಸವನ್ನು ಅದರ ನೆನಪೇ ಮಾಡುತ್ತದೆ.

ಆ ಮಿಕ್ಕ ದಿನಗಳಲ್ಲಿ ನಡೆಯುವುದು ಹಿಡಿತ. ಸಂಬಳ ಬಂದ ದಿನವೇ ಆಕೆಯ ಎಟಿಎಂ ಕಾರ್ಡ್ ಆತನ ಜೇಬು ಸೇರುತ್ತದೆ. ಖರ್ಚಿಗೆ ಎಣಿಸಿ ಕೊಟ್ಟು, ಲೆಕ್ಕ ತಪ್ಪಿದರೆ ವಿಚಾರಣೆ. ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಬೇಕು. ಆಕೆ ಕೆಲಸಕ್ಕೆ ಹೊರಡುವ ಹೊತ್ತಿಗೇ ರಂಪ, ತಡವಾಗಿ ಹೋಗಿ ಹೋಗಿ ಕೆಲಸ ಕೈತಪ್ಪುತ್ತದೆ. ರಾತ್ರಿಯಿಡೀ ನಿದ್ದೆ ಮಾಡಲು ಬಿಡದೆ ಒಂದೇ ಪ್ರಶ್ನೆಯನ್ನು ಕೇಳುವವರಿದ್ದಾರೆ. ಇವು ಬಿಡಿಬಿಡಿಯಾಗಿ ನೋಡಿದರೆ ಸಣ್ಣ ಸಂಗತಿಗಳು, ಪಂಚಾಯಿತಿ ಕಟ್ಟೆಯಲ್ಲಿ ಹೇಳಿದರೆ ನಗುತ್ತಾರೆ. ಆದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಇವನ್ನು ಗುರುತಿಸಿದೆ. ಅದರ 3ನೇ ಸೆಕ್ಷನ್ ಪ್ರಕಾರ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂಬ ನಾಲ್ಕೂ ಬಗೆ ದೌರ್ಜನ್ಯವೇ. ಆಕೆಯ ಒಡವೆಯನ್ನು ಕೇಳದೆ ಅಡವಿಡುವುದೂ ಅದರಲ್ಲಿ ಬರುತ್ತದೆ, ಮನೆಖರ್ಚಿಗೆ ಹಣ ನಿಲ್ಲಿಸುವುದೂ ಬರುತ್ತದೆ.

ಇದು ಎಲ್ಲೋ ನಡೆಯುವ ವಿಷಯವಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದವರು ದೇಶದಲ್ಲಿ ಶೇ 29.3, ಕರ್ನಾಟಕದಲ್ಲಿ ಶೇ 44.4. ಅದೇ ಸಮೀಕ್ಷೆಯಲ್ಲಿ, ದೇಶದಾದ್ಯಂತ ಹಿಂಸೆಗೊಳಗಾದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಯಾರ ನೆರವನ್ನೂ ಕೇಳದೆ, ಯಾರಿಗೂ ಹೇಳದೆ ಉಳಿದವರು ಶೇ 77. ಠಾಣೆಯ ಲೆಕ್ಕ ನೋಡಿ ‘ನಮ್ಮ ತಾಲ್ಲೂಕಿನಲ್ಲಿ ಇದು ಕಡಿಮೆ’ ಎನ್ನುವ ಅಧಿಕಾರಿಗಳು ಆ 77ನ್ನು ನೆನಪಿಟ್ಟುಕೊಳ್ಳಬೇಕು.

ಕುಡಿತದ ಬಗ್ಗೆ ಒಂದು ಮಾತು. ‘ಕುಡಿದಾಗ ಮಾತ್ರ ಹೊಡೀತಾನೆ, ಇಲ್ಲದಿದ್ದರೆ ಬಂಗಾರದಂಥ ಮನುಷ್ಯ’ ಎಂಬುದನ್ನು ಹೊಡೆಸಿಕೊಂಡವರೇ ಹೇಳುತ್ತಾರೆ. ಅದೇ ಅಮಲಿನಲ್ಲಿ ಆತ ದಾರಿಯಲ್ಲಿ ಸಿಕ್ಕ ಪೊಲೀಸರನ್ನಾಗಲಿ ಸಾಲ ಕೊಟ್ಟವನನ್ನಾಗಲಿ ಹೊಡೆಯುವುದಿಲ್ಲ, ಮನೆ ಸೇರುವವರೆಗೂ ಕೈ ಹಿಡಿತದಲ್ಲೇ ಇರುತ್ತದೆ. ಕುಡಿತ ಏಟಿನ ಜೋರನ್ನು ಹೆಚ್ಚಿಸುತ್ತದೆ, ಗಾಯವನ್ನು ದೊಡ್ಡದು ಮಾಡುತ್ತದೆ. ಹೊಡೆಯುವ ಹಕ್ಕು ತನಗಿದೆ ಎಂಬ ನಂಬಿಕೆ ಬಾಟಲಿಯಿಂದ ಬರುವುದಲ್ಲ. ಕುಡಿತ ಬಿಡಿಸಿದ ಮೇಲೂ ಹೊಡೆತ ನಿಲ್ಲದ ಮನೆಗಳಿರುವುದು ಇದಕ್ಕೇ.

ಈಗ ಮೊದಲನೇ ಬರಹ, ಆಸ್ಪತ್ರೆಯದು. ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಅಂಗೈ, ಮೊಣಕಾಲು, ಮೊಣಕೈ, ಗದ್ದದಂತಹ ಚಾಚಿಕೊಂಡ ಭಾಗಕ್ಕೆ ಪೆಟ್ಟಾಗುತ್ತದೆ. ಹೊಡೆತ ತಪ್ಪಿಸಿಕೊಳ್ಳಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಬದಿಯಲ್ಲಿ ಬಾವು. ಬಟ್ಟೆ ಮುಚ್ಚುವ ಜಾಗಗಳಲ್ಲಿ, ಅಂದರೆ ಬೆನ್ನು, ಹೊಟ್ಟೆ, ತೊಡೆ, ಎದೆಯಲ್ಲಿ ಹಳೆಯ ಮತ್ತು ಹೊಸ ಗಾಯಗಳು ಒಟ್ಟಿಗೆ ಕಂಡರೆ ಅದು ಬಚ್ಚಲಿನ ಕೆಲಸವಲ್ಲ. ಇದು ವೈದ್ಯರಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಆದರೆ ಗಂಡ ಅಥವಾ ಅತ್ತೆ ಪಕ್ಕದಲ್ಲೇ ನಿಂತು ಆಕೆಯ ಪರವಾಗಿ ಉತ್ತರ ಹೇಳುತ್ತಿದ್ದರೆ ‘ಜಾರಿ ಬಿದ್ದು’ ಎಂಬುದೇ ದಾಖಲಾಗುತ್ತದೆ. ಮುಂದೆ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ಮೊದಲು ತೆಗೆದು ತೋರಿಸುವುದು ಆ ಚೀಟಿಯನ್ನೇ.

ಆದ್ದರಿಂದ ಪರೀಕ್ಷೆಯ ನೆಪದಲ್ಲಾದರೂ ಆಕೆಯನ್ನು ಒಂಟಿಯಾಗಿ ಒಳಗೆ ಕರೆದು ಕೇಳಬೇಕು. ‘ನಿಮ್ಮ ಮೇಲೆ ದೌರ್ಜನ್ಯ ಆಗ್ತಿದೆಯಾ’ ಎಂದು ಕೇಳಿದರೆ ಬಹುತೇಕರು ಇಲ್ಲ ಎನ್ನುತ್ತಾರೆ. ‘ಮನೆಯಲ್ಲಿ ಯಾರಾದರೂ ಕೈ ಮಾಡಿದರಾ? ಮನೆಗೆ ಹೋಗಲು ಹೆದರಿಕೆ ಇದೆಯಾ?’ ಎಂದರೆ ಉತ್ತರ ಬರುತ್ತದೆ. ಯಾರು, ಯಾವುದರಿಂದ, ಯಾವ ದಿನ ಎಷ್ಟು ಹೊತ್ತಿಗೆ ಹೊಡೆದರೆಂಬುದನ್ನು ಆಕೆಯ ಮಾತಿನಲ್ಲೇ ಬರೆದು, ಪ್ರತಿ ಗಾಯದ ಜಾಗ, ಆಕಾರ, ಸೆಂಟಿಮೀಟರ್ ಅಳತೆಯನ್ನು ದಾಖಲಿಸಿ, ಕಾನೂನು ಪ್ರಕ್ರಿಯೆಗೆ ಬೇಕಾಗುವ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಮಾಡಿದರೆ ವೈದ್ಯರ ಪಾಲಿನ ಕೆಲಸ ಆಯಿತು. ಬಣ್ಣ ನೋಡಿ ‘ಎರಡು ದಿನದ ಹಿಂದಿನ ಗಾಯ’ ಎಂದು ಖಚಿತವಾಗಿ ಬರೆಯುವುದು ಬೇಡ, ಬಾವಿನ ಬಣ್ಣದಿಂದ ದಿನ ಹೇಳಲು ಬರುವುದಿಲ್ಲ. 2005ರ ಕಾಯ್ದೆಯಡಿ ನೆರವಿಗೆ ನೇಮಕವಾದ ಸಂರಕ್ಷಣಾಧಿಕಾರಿಯ ವರದಿ ಇನ್ನೂ ಆಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಆ ಕಾಯ್ದೆಯ 2006ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ.

ಎಲ್ಲ ಗಾಯಗಳಿಗಿಂತ ಹೆಚ್ಚು ಗಮನ ಬೇಕಾದದ್ದು, ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದು ಕತ್ತು ಹಿಸುಕಿದ್ದಕ್ಕೆ. ರಕ್ತ ಬಂದಿರುವುದಿಲ್ಲ, ಮೂಳೆ ಮುರಿದಿರುವುದಿಲ್ಲ. ಆಕೆಯೂ ‘ಕುತ್ತಿಗೆ ಹಿಡಿದರು, ಬಿಟ್ಟರು’ ಎಂದಷ್ಟೇ ಹೇಳುತ್ತಾರೆ. ಕುತ್ತಿಗೆಯ ರಕ್ತನಾಳ ಒತ್ತಿದರೆ ಸುಮಾರು 10 ಸೆಕೆಂಡಿನಲ್ಲೇ ಪ್ರಜ್ಞೆ ತಪ್ಪಬಹುದು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಪೊಲೀಸರಿಗೆ ಬಂದ ಇಂತಹ 300 ಪ್ರಕರಣಗಳನ್ನು ಪರಿಶೀಲಿಸಿದಾಗ ಅರ್ಧದಷ್ಟರಲ್ಲಿ ಹೊರಗೆ ಕಾಣುವ ಗುರುತೇ ಇರಲಿಲ್ಲ. ದನಿ ಒಡೆಯುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಭಾಗದಲ್ಲಿ ಅಥವಾ ರೆಪ್ಪೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಆ ಹೊತ್ತಿನಲ್ಲಿ ಅರಿವಿಲ್ಲದೆ ಮೂತ್ರ ಹೋಗಿರುವುದು, ನಡುವಿನ ಕೆಲವು ಕ್ಷಣ ನೆನಪೇ ಇಲ್ಲದಿರುವುದು ಇದರ ಲಕ್ಷಣಗಳು. ರಕ್ತನಾಳದ ಒಳಪದರ ಹರಿದಿದ್ದರೆ ಕೆಲವು ದಿನ ಬಿಟ್ಟು ಪಾರ್ಶ್ವವಾಯು ಬಡಿಯಬಹುದು. ಹೀಗಾಗಿ ಆ ದಿನ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ‘ಕತ್ತು ಹಿಸುಕಿದರು’ ಎಂಬ ಪದವನ್ನೇ ಬಳಸಿ ಹೇಳಬೇಕು.

ಇನ್ನೊಂದು ಕಾರಣಕ್ಕೂ ಅದು ಮುಖ್ಯ. ಹಿಂದೊಮ್ಮೆ ಸಂಗಾತಿ ಕತ್ತು ಹಿಸುಕಿದ್ದರೆ ಮುಂದೆ ಆತನಿಂದಲೇ ಕೊಲೆಯಾಗುವ ಅಪಾಯ ಸುಮಾರು ಏಳು ಪಟ್ಟು ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಕಂಡುಕೊಂಡಿತು. ಅಪಾಯ ಅಳೆಯಲು ಕೇಳುವ ಬೇರೆ ಪ್ರಶ್ನೆಗಳೂ ಇವೆ. ಒಂದು ವರ್ಷದಿಂದ ಹೊಡೆತ ಹೆಚ್ಚುತ್ತಿದೆಯೇ? ಕೊಲ್ಲುತ್ತೇನೆ ಎಂದಿದ್ದಾನೆಯೇ, ಹೇಗೆ ಎಂದೂ ಹೇಳಿದ್ದಾನೆಯೇ? ಕೈಗೆ ಸಿಗುವ ಆಯುಧ ಇದೆಯೇ? ಬಸುರಿಯಾಗಿದ್ದಾಗ ಹೊಡೆದಿದ್ದಾನೆಯೇ? ಬಲವಂತದ ಲೈಂಗಿಕ ಕ್ರಿಯೆ ನಡೆದಿದೆಯೇ? ಹೋದಲ್ಲೆಲ್ಲ ಹಿಂಬಾಲಿಸುತ್ತಾನೆಯೇ? ‘ನೀನು ಬಿಟ್ಟುಹೋದರೆ ನಾನು ಸಾಯುತ್ತೇನೆ’ ಎನ್ನುತ್ತಾನೆಯೇ? ಕೊನೆಯದನ್ನು ನಮ್ಮ ಹಿರಿಯರು ಪ್ರೀತಿ ಎಂದುಕೊಳ್ಳುತ್ತಾರೆ. ಅಪಾಯದ ಪಟ್ಟಿಯಲ್ಲಿ ಅದು ಬೆದರಿಕೆ.

ಎರಡನೇ ಬರಹ ಠಾಣೆಯದು. ಅರ್ಜಿ ತೆಗೆದುಕೊಂಡು, ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಆತನಿಗೆ ನಾಲ್ಕು ಮಾತು ಬೈದು, ‘ಇನ್ನು ಮುಂದೆ ಅನ್ಯೋನ್ಯವಾಗಿ ಬಾಳುತ್ತೇವೆ’ ಎಂದು ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡು, ಅರ್ಜಿ ಮುಗಿಯಿತೆಂಬ ಹಿಂಬರಹ ಕೊಟ್ಟು ಕಳಿಸುವುದು ರೂಢಿ. ಹೊಡೆಸಿಕೊಂಡವರು ‘ಇನ್ನು ಮುಂದೆ’ ಎಂದು ಬರೆದುಕೊಡಬೇಕಾದದ್ದು ಏನು? ಆತನ ಎದುರಿಗೆ ಆಕೆ ಹೇಳಿದ ಒಂದೊಂದು ಮಾತಿಗೂ ಮನೆಯಲ್ಲಿ ಲೆಕ್ಕ ತೀರುತ್ತದೆ. ಎರಡನೇ ಸಲ ಆಕೆ ಠಾಣೆ ಮೆಟ್ಟಿಲು ಹತ್ತುವುದಿಲ್ಲ, ಕಡತದಲ್ಲಿ ‘ರಾಜಿಯಾಗಿದೆ’ ಎಂದಿರುತ್ತದೆ.

ಕಾನೂನು ಹೇಳುವುದು ಬೇರೆ. 2005ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ದೂರು ಬಂದಾಗ ಪೊಲೀಸರು ಆಕೆಗೆ ಐದು ವಿಷಯ ತಿಳಿಸಲೇಬೇಕು: ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವ ಹಕ್ಕು, ಸಂರಕ್ಷಣಾಧಿಕಾರಿ ಇದ್ದಾರೆಂಬುದು, ನೆರವು ನೀಡುವ ಸಂಸ್ಥೆಗಳು, ಉಚಿತ ಕಾನೂನು ನೆರವು, ಮತ್ತು ಕ್ರೂರತೆಯ ಕ್ರಿಮಿನಲ್ ದೂರು ಕೊಡುವ ಹಕ್ಕು. ಗಂಡ ಮತ್ತು ಆತನ ಮನೆಯವರ ಈ ಕ್ರೂರತೆಗೆ ಶಿಕ್ಷೆ ಹೇಳುವ, 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆ. ಶಿಕ್ಷೆ ಅದೇ, ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಎಫ್‌ಐಆರ್ ಯಾವ ಠಾಣೆಯಲ್ಲಾದರೂ ದಾಖಲಿಸಬಹುದು, ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ನಡೆಯುವುದಿಲ್ಲ. ದಾಖಲಿಸದಿದ್ದರೆ ದೂರನ್ನು ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಬೇಕು.

‘ಕಾನೂನಿನ ದುರ್ಬಳಕೆ’ ಎಂಬ ವಾದ ತಮ್ಮ ಓದುಗರ ಪತ್ರಗಳಲ್ಲೂ ಆಗಾಗ ಬರುತ್ತದೆ. ವಾದಿಸುವವರಲ್ಲಿ ಹೆಚ್ಚಿನವರು ಈ ಕ್ರಿಮಿನಲ್ ಸೆಕ್ಷನ್ ಮತ್ತು ಸಂರಕ್ಷಣಾ ಕಾಯ್ದೆ ಎಂಬ ಎರಡು ಕಾನೂನುಗಳನ್ನು ಒಂದೇ ಎಂದುಕೊಂಡಿರುತ್ತಾರೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಸಂರಕ್ಷಣಾ ಕಾಯ್ದೆ ಸಿವಿಲ್ ಸ್ವರೂಪದ್ದು. ಅದರಡಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಹೊಡೆಯಬೇಡ, ಮನೆಯಿಂದ ಹೊರಗೆ ಹಾಕಬೇಡ, ಖರ್ಚಿಗೆ ಕೊಡು ಎಂದು ನ್ಯಾಯಾಲಯ ಹೇಳುತ್ತದೆ. ರಕ್ಷಣಾ ಆದೇಶವನ್ನು ಮೀರಿದರೆ ಮಾತ್ರ 31ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಂಡನನ್ನು ಜೈಲಿಗೆ ಕಳಿಸಲು ಮನಸ್ಸಿಲ್ಲ, ಹೊಡೆತ ನಿಂತರೆ ಸಾಕು ಎನ್ನುವ ಬಹುಪಾಲು ಮಹಿಳೆಯರಿಗೆ ಹೊಂದುವ ಕಾನೂನು ಇದೇ. ಇದರ ಬಗ್ಗೆಯೇ ಅತಿ ಕಡಿಮೆ ತಿಳಿದಿದೆ.

ದಾರಿ ಹೀಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರ ಬಾಯಲ್ಲಿ ಸಿಡಿಪಿಒ, ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯೂ ಹೌದು. ಆಕೆಯೇ ಹೋಗಬೇಕೆಂದಿಲ್ಲ, 4ನೇ ಸೆಕ್ಷನ್ ಪ್ರಕಾರ ಪಕ್ಕದ ಮನೆಯವರು, ಶಿಕ್ಷಕರು, ಆಶಾ ಕಾರ್ಯಕರ್ತೆ ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಅಧಿಕಾರಿ ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ತುಂಬುತ್ತಾರೆ. ಇದರಲ್ಲಿ ಆಗುವ ತಪ್ಪು ಒಂದೇ: ‘ಗಂಡ ದಿನಾ ಹಿಂಸೆ ಕೊಡುತ್ತಾನೆ’ ಎಂದು ಒಂದು ಸಾಲು ಬರೆದು ಸಹಿ ಹಾಕಿಸುವುದು. ನಮೂನೆಯಲ್ಲಿ ಪ್ರತಿ ಬಗೆಯ ದೌರ್ಜನ್ಯಕ್ಕೂ ಪ್ರತ್ಯೇಕ ಜಾಗವಿದೆ, ದಿನಾಂಕ, ಸ್ಥಳ, ಸಮಯದ ಕಾಲಂ ಇದೆ. ಮೊದಲ ಸಲ ನಡೆದದ್ದು, ಅತಿ ಕೆಟ್ಟದ್ದು, ತೀರಾ ಇತ್ತೀಚಿನದ್ದು ಈ ಮೂರನ್ನಾದರೂ ಬಿಡಿಸಿ ಬರೆಸಬೇಕು. ದಿನಾಂಕ ನೆನಪಿಲ್ಲದಿದ್ದರೆ ‘ದೊಡ್ಡ ಮಗನ ಪರೀಕ್ಷೆ ನಡೆಯುತ್ತಿದ್ದ ವಾರ’ ಎಂದರೂ ಸರಿ. ಸುಳ್ಳು ದಿನಾಂಕಕ್ಕಿಂತ ಅದು ಗಟ್ಟಿ.

ಅರ್ಜಿಯನ್ನು 12ನೇ ಸೆಕ್ಷನ್ ಅಡಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಹಾಕುವುದು. ಆಕೆ ಈಗ ಉಳಿದುಕೊಂಡಿರುವ ಊರಿನಲ್ಲೇ ಹಾಕಬಹುದು, ತವರಾದರೂ ಸರಿ, ತಾತ್ಕಾಲಿಕ ವಾಸವಾದರೂ ಸರಿ. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾನೂನಿನಲ್ಲಿದೆ. ನಡೆಯುವುದು ಬೇರೆ, ನೋಟಿಸ್ ಹಿಂದಿರುಗುತ್ತದೆ, ‘ಮನೆ ಬೀಗ ಹಾಕಿದೆ’ ಎಂಬ ಷರಾದೊಂದಿಗೆ. ಅದಕ್ಕೇ ಅರ್ಜಿಯಲ್ಲಿ ಆತನ ಮನೆ, ಊರು, ಕೆಲಸದ ಜಾಗ ಮೂರೂ ವಿಳಾಸ ಕೊಡಬೇಕು. ಅಂತಿಮ ಆದೇಶಕ್ಕೆ ಕಾಯದೆ 23ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ನಮೂನೆ 3ರ ಪ್ರಮಾಣಪತ್ರ ಜೊತೆಗಿದ್ದರೆ ಎದುರು ಪಕ್ಷ ಬರುವ ಮೊದಲೇ ಆದೇಶ ಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ. ವಕೀಲರು ಇದನ್ನು ಕೇಳಲು ಮರೆತು ವರ್ಷಗಟ್ಟಲೆ ಕಾದ ಅರ್ಜಿಗಳು ಕಡಿಮೆಯಿಲ್ಲ.

ಏನೇನು ಕೇಳಬಹುದು? 18ರಡಿ ರಕ್ಷಣೆ, ಅಂದರೆ ಆತ ಆಕೆಯ ಕೆಲಸದ ಜಾಗಕ್ಕೆ, ಮಗುವಿನ ಶಾಲೆಗೆ ಬರಬಾರದು, ಫೋನ್ ಮಾಡಬಾರದು ಎಂಬ ನಿರ್ಬಂಧ. 19ರಡಿ ವಾಸದ ಹಕ್ಕು, ಅಗತ್ಯ ಬಿದ್ದರೆ ಆತನೇ ಮನೆ ಬಿಡಬೇಕು ಎಂಬ ಆದೇಶ, ಜೊತೆಗೆ ಆಕೆಯ ಸ್ತ್ರೀಧನ ವಾಪಸು. 20ರಡಿ ಜೀವನಾಂಶ ಮತ್ತು ಆಸ್ಪತ್ರೆ ಖರ್ಚು, ಕೊಡದಿದ್ದರೆ ಆತನ ಸಂಬಳದಿಂದ ನೇರ ಕಡಿತ. 21ರಡಿ ಮಕ್ಕಳ ತಾತ್ಕಾಲಿಕ ಸುಪರ್ದಿ. 22ರಡಿ ಪರಿಹಾರ. ‘ಮನೆ ನನ್ನ ಹೆಸರಲ್ಲಿಲ್ಲ, ಮಾವನ ಹೆಸರಲ್ಲಿದೆ’ ಎಂದು ಹಿಂದೆ ಸರಿಯುವವರಿಗೆ: ಸಂಬಂಧಿಕರ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿದೆ. ದೌರ್ಜನ್ಯ ಎಸಗಿದವರು ಹೆಂಗಸರಾಗಿದ್ದರೂ ಅರ್ಜಿ ನಡೆಯುತ್ತದೆ, ಇದು 2016ರ ತೀರ್ಪು. ಈ ಕಾನೂನು ಹೆಂಡತಿಗೆ ಮಾತ್ರ ಸೀಮಿತವೂ ಅಲ್ಲ. ಮಗ ಹೊಡೆಯುವ ತಾಯಿ, ಅಣ್ಣ ಹೊರಹಾಕಿದ ತಂಗಿ, ಮದುವೆಯಾಗದೆ ಜೊತೆಯಲ್ಲಿ ಬಾಳುತ್ತಿರುವವರು, ವಿಧವೆ ಸೊಸೆ ಎಲ್ಲರೂ ಇದರಡಿ ಬರುತ್ತಾರೆ. ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು, ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ.

ಸಮಾಲೋಚನೆಯ ಹೆಸರಿನಲ್ಲಿ ನಡೆಯುವುದರ ಬಗ್ಗೆಯೂ ಹೇಳಬೇಕು. ‘ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ’ ಎಂಬುದನ್ನು ಕೇಳಿಸಿಕೊಂಡು ತಕ್ಕಡಿ ತೂಗುವುದು ಸಮಾಲೋಚನೆಯಲ್ಲ. 2006ರ ನಿಯಮಗಳ 14ನೇ ನಿಯಮದಲ್ಲಿ, ದೌರ್ಜನ್ಯಕ್ಕೆ ಎದುರು ಪಕ್ಷ ಸಮರ್ಥನೆ ಕೊಡಲು ಅವಕಾಶವೇ ಇಲ್ಲ. ಈ ಸಂಗತಿಯನ್ನು ಶುರುವಿನಲ್ಲೇ ಆತನಿಗೆ ತಿಳಿಸಬೇಕೆಂದೂ ಇದೆ. ಈ ಒಂದು ನಿಯಮ ಪಾಲಿಸಿದರೆ ಅರ್ಧದಷ್ಟು ‘ರಾಜಿ’ಗಳು ನಡೆಯುವುದೇ ಇಲ್ಲ.

‘ಇಷ್ಟೆಲ್ಲ ಆದರೂ ಯಾಕೆ ಅಲ್ಲೇ ಇದ್ದಳು?’ ಎಂದು ಕೇಳುವವರಿಗೆ ಗೊತ್ತಿಲ್ಲದ್ದು, ಬಿಟ್ಟು ಹೊರಡುವ ದಿನ ಮತ್ತು ಅದರ ನಂತರದ ವಾರಗಳೇ ಅತಿ ಅಪಾಯದ ಕಾಲ. ಹಿಡಿತ ತಪ್ಪುತ್ತಿದೆ ಎಂದು ಗೊತ್ತಾದಾಗ ಏಟು ಹೆಚ್ಚುತ್ತದೆ. ಸಿಟ್ಟಿನಲ್ಲಿ ‘ನಾಳೆ ಹೋಗ್ತೀನಿ’ ಎಂದು ಹೇಳಿ ಹೊರಡುವುದು ಆದ್ದರಿಂದಲೇ ಬೇಡ. ಹೊರಡುವವರು ಮೊದಲೇ ಮೂಲ ದಾಖಲೆ ಅಥವಾ ಫೋಟೊ ಪ್ರತಿಗಳನ್ನು ನಂಬಿಕಸ್ಥರ ಬಳಿ ಇಡಬೇಕು: ಆಧಾರ್, ಪಡಿತರ ಚೀಟಿ, ಮದುವೆಯ ಫೋಟೊ ಅಥವಾ ನೋಂದಣಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಒಡವೆಯ ಫೋಟೊ, ಅಡವಿಟ್ಟಿದ್ದರೆ ಅದರ ರಸೀದಿ, ನಿತ್ಯದ ಮಾತ್ರೆ. ಏಟು ಬೀಳುವ ಸೂಚನೆ ಕಂಡಾಗ ಅಡುಗೆಮನೆ, ಬಚ್ಚಲು, ಮಹಡಿಯ ಕಡೆ ಹೋಗದೆ ಹೊರಬಾಗಿಲಿರುವ ಕೋಣೆಯಲ್ಲಿ ನಿಲ್ಲಬೇಕು. ಚಾಕು, ಬೆಂಕಿ, ಬಾಗಿಲಿಲ್ಲದ ಗೋಡೆ ಮೂರೂ ಅಪಾಯವೇ. ಜಿಲ್ಲೆಯ ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ಐದು ದಿನದವರೆಗೆ ತಂಗಲು ಅವಕಾಶವಿದೆ, ವೈದ್ಯರು, ಪೊಲೀಸ್, ವಕೀಲರ ನೆರವೂ ಅಲ್ಲೇ.

ಫೋನ್ ಇಂದಿನ ಕಾವಲುಗಾರ. ಲೊಕೇಶನ್ ಹಂಚಿಕೆ ಆನ್ ಆಗಿರಬಹುದು, ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸ್ ಪಟ್ಟಿಯಲ್ಲಿ ಆತನ ಲ್ಯಾಪ್‌ಟಾಪ್ ಇರಬಹುದು. ಕಂಡ ಕೂಡಲೇ ತೆಗೆದುಹಾಕಿದರೆ ಆತನಿಗೆ ಸುಳಿವು ಸಿಗುತ್ತದೆ. ಹೊರಡುವವರೆಗೂ ಅದನ್ನು ಹಾಗೇ ಬಿಟ್ಟು, ಸಹಾಯದ ಕರೆಗಳನ್ನು ಬೇರೆಯವರ ಫೋನಿನಿಂದ ಮಾಡುವುದು ಜಾಣತನ. ಗಾಯದ ಫೋಟೊ ತೆಗೆಯುವಾಗ ಮುಖ ಸೇರಿ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ನಾಣ್ಯ ಅಥವಾ ಸ್ಕೇಲ್ ಇಟ್ಟು ಇನ್ನೊಂದು. ಮಾರನೆ ದಿನ ಬಾವು ಹೆಚ್ಚು ಕಪ್ಪಾಗಿ ಕಾಣುವುದರಿಂದ ಆಗಲೂ ತೆಗೆಯಬೇಕು. ಎಡಿಟ್ ಮಾಡಬಾರದು. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅಡಿ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಫೋನ್ ಮಾರಿಬಿಟ್ಟರೆ ತೊಡಕು.

ಮೂರನೇ ಬರಹ ಶಾಲೆಯದು. ಏಟು ಬಿದ್ದದ್ದು ತಾಯಿಗೆ, ಮಗುವಿಗೇನಾಯಿತು ಎಂದು ಕೇಳುವವರು ರಾತ್ರಿ ಗೋಡೆಯಾಚೆ ಮಲಗಿದ ಮಗು ನಿದ್ದೆ ಮಾಡುತ್ತಿದೆ ಎಂದುಕೊಂಡಿರುತ್ತಾರೆ. ಮಗು ಎಲ್ಲವನ್ನೂ ಕೇಳುತ್ತದೆ, ಸದ್ದಿಗಿಂತ ಸದ್ದು ನಿಂತದ್ದಕ್ಕೆ ಹೆಚ್ಚು ಹೆದರುತ್ತದೆ. ಪದೇ ಪದೇ ಹೆದರಿದಾಗ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರುತ್ತಲೇ ಇರುತ್ತದೆ. ಬೆಳೆಯುತ್ತಿರುವ ಮೆದುಳು ಅಪಾಯ ಹುಡುಕುವುದನ್ನೇ ಮೊದಲ ಕೆಲಸ ಮಾಡಿಕೊಳ್ಳುತ್ತದೆ. ಬಾಗಿಲ ಕಡೆ ಕಿವಿಯಿಟ್ಟ ಮಗುವಿಗೆ ಭಾಗಾಕಾರ ತಲೆಗೆ ಹತ್ತುವುದಿಲ್ಲ. ‘ಗಮನವಿಲ್ಲ’ ಎಂದು ಬರೆದ ಮಗುವಿಗೆ ಗಮನವಿದೆ, ಬೇರೆ ಕಡೆಗೆ.

ಹಾಲು ಕುಡಿಯುವ ಕೂಸು ಸರಿಯಾಗಿ ಕುಡಿಯುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತದೆ. ಮಾತು ಕಲಿತ ಮಗು ಮಾತು ಬಿಡಬಹುದು, ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿದ್ದು ಮತ್ತೆ ಶುರುವಾಗಬಹುದು. ಏಳೆಂಟು ವರ್ಷದ ಮಕ್ಕಳಿಗೆ ಬೆಳಗಾದರೆ ಹೊಟ್ಟೆನೋವು, ಸ್ಕ್ಯಾನಿಂಗ್‌ನಲ್ಲಿ ಏನೂ ಇರುವುದಿಲ್ಲ. ತಾನು ಶಾಲೆಗೆ ಹೋದರೆ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಆ ನೋವಿನೊಳಗಿದೆ. ಆ ವಯಸ್ಸಿನಲ್ಲಿ ಇನ್ನೊಂದು ಕೆಡುಕು, ‘ನಾನು ಹೋಮ್‌ವರ್ಕ್ ಮಾಡದ್ದಕ್ಕೆ ಅಪ್ಪ ಅಮ್ಮನಿಗೆ ಹೊಡೆದರು’ ಎಂಬ ತಪ್ಪಿತಸ್ಥ ಭಾವ. ಹದಿವಯಸ್ಸಿನವರು ನಡುವೆ ಹೋಗಿ ಏಟು ತಿನ್ನುತ್ತಾರೆ, ಮನೆ ಬಿಡುತ್ತಾರೆ, ಇಲ್ಲವೇ ಅಪ್ಪನ ಮಾತುಗಳನ್ನೇ ತಾಯಿಯ ಮೇಲೆ ಪ್ರಯೋಗಿಸಲು ಶುರುಮಾಡುತ್ತಾರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಸಿದ್ಧ ಅಧ್ಯಯನವೊಂದು ಬಾಲ್ಯದ ಕಹಿ ಅನುಭವಗಳನ್ನು ಎಣಿಸಿತು. ‘ತಾಯಿಯ ಮೇಲೆ ಹಿಂಸೆ’ ಆ ಪಟ್ಟಿಯಲ್ಲಿ ಒಂದು. ಎಣಿಕೆ ಏರಿದಂತೆ ದೊಡ್ಡವರಾದ ಮೇಲೆ ಖಿನ್ನತೆ, ವ್ಯಸನ, ಹೃದ್ರೋಗಗಳ ಸಾಧ್ಯತೆಯೂ ಏರಿತ್ತು. ಹಾಗೆಂದು ಇಂಥ ಮನೆಯ ಮಕ್ಕಳೆಲ್ಲ ಕೆಡುತ್ತಾರೆ ಎಂಬ ಹಣೆಬರಹ ಬರೆಯಬಾರದು. ಹಿಂಸೆ ನಿಂತು, ನಂಬುವಂತಹ ಒಬ್ಬ ದೊಡ್ಡವರು ನಿರಂತರ ಜೊತೆಗಿದ್ದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ‘ಮಕ್ಕಳಿಗೋಸ್ಕರ ಸಹಿಸಿಕೋ’ ಎಂಬ ಬುದ್ಧಿಮಾತು ತಲೆಕೆಳಗಾಗಿರುವುದು ಇಲ್ಲಿಯೇ.

ಶಿಕ್ಷಕರು ತರಗತಿಯಲ್ಲಿ ಎಲ್ಲರೆದುರು ಕೇಳಬಾರದು, ಮೊದಲು ತಂದೆಗೆ ಫೋನ್ ಮಾಡಲೇಬಾರದು. ‘ಯಾರಿಗೂ ಹೇಳೋದಿಲ್ಲ’ ಎಂದು ಮಾತು ಕೊಡುವುದೂ ತಪ್ಪು, ಹೇಳಬೇಕಾಗುತ್ತದೆ, ಆಗ ಮಗುವಿನ ನಂಬಿಕೆ ಮುರಿಯುತ್ತದೆ. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂದರೆ ಆ ಹೊತ್ತಿಗೆ ಸಾಕು. ಮಗುವಿನ ಮಾತನ್ನು ತಿದ್ದದೆ, ದಿನಾಂಕ ಹಾಕಿ ಬರೆದಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ನಾಲ್ಕನೇ ಬರಹ ತಮ್ಮದು. ‘ಕೌಟುಂಬಿಕ ಕಲಹ’, ‘ಕ್ಷುಲ್ಲಕ ಕಾರಣಕ್ಕೆ ಪತ್ನಿ ಹತ್ಯೆ’, ‘ಶೀಲ ಶಂಕಿಸಿ ಕೊಲೆ’ ಈ ಮೂರೂ ಕೊಂದವನ ಹೇಳಿಕೆಯನ್ನೇ ಶೀರ್ಷಿಕೆ ಮಾಡುತ್ತವೆ. ಸತ್ತವರು ಉತ್ತರ ಕೊಡುವುದಿಲ್ಲ. ‘ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಕೊಲೆ’ ಎಂಬ ಸುದ್ದಿಯಲ್ಲಿ ಉಪ್ಪು ಕಾರಣವಾಗಿರಲು ಸಾಧ್ಯವೇ? ವರದಿಗಾರರು ಎರಡು ಪ್ರಶ್ನೆ ಹೆಚ್ಚಿಗೆ ಕೇಳಲಿ: ಹಿಂದೆ ಈ ಮನೆಯಿಂದ ಠಾಣೆಗೆ ಅರ್ಜಿ ಬಂದಿತ್ತೇ, ಬಂದಿದ್ದರೆ ಅದಕ್ಕೆ ಏನಾಯಿತು? ಸಂರಕ್ಷಣಾಧಿಕಾರಿಗೆ ಮಾಹಿತಿ ಹೋಗಿತ್ತೇ? ಕಾರಣವಿಲ್ಲದೆ ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೂ 33ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ, ಆ ಪ್ರಶ್ನೆಯನ್ನು ಯಾರೂ ಕೇಳದಿರುವುದರಿಂದ ಅದು ಪುಸ್ತಕದಲ್ಲೇ ಉಳಿದಿದೆ.

ಮಕ್ಕಳ ವಿಚಾರದಲ್ಲಿ ಕಾನೂನೇ ಕೈ ಹಿಡಿದಿದೆ. ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್, ಸಂತ್ರಸ್ತ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸಿದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪ್ಪನ ಹೆಸರು, ಬಡಾವಣೆ, ಅಡ್ಡರಸ್ತೆ ಎಲ್ಲ ಹಾಕಿ ‘ಏಳು ವರ್ಷದ ಮಗಳ ಎದುರೇ’ ಎಂದು ಬರೆದರೆ, ಮಗುವಿನ ಹೆಸರೊಂದನ್ನು ಬಿಟ್ಟು ಪ್ರಯೋಜನವಿಲ್ಲ. ಮಾರನೆ ದಿನ ಶಾಲೆಯಲ್ಲಿ ಆ ಮಗು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ.

ಇಂತಹ ಸುದ್ದಿ ಬಂದ ದಿನ ಅದರ ಕೆಳಗೆ ಹೀಗೆ ಅಚ್ಚಾಗಲಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಒಂದು ಕಾಲಂನಲ್ಲಿ ಎರಡು ಸಾಲಿನ ಜಾಗ ಸಾಕಾಗುತ್ತದೆ.

ಇತಿ,
ಕೌಟುಂಬಿಕ ದೌರ್ಜನ್ಯ ಪ್ರಕರಣಗಳಲ್ಲಿ ಆಪ್ತಸಮಾಲೋಚನೆ ಮತ್ತು ಕಾನೂನು ನೆರವಿನ ಕೆಲಸದಲ್ಲಿ ತೊಡಗಿರುವವರು